ಮೂವತ್ತು ಆಂಪಿಯರಿನ ಲೆಕ್ಕ

ಸೋಮವಾರ ಬೆಳಗಿನ ಜಾವ ಐದು ಗಂಟೆಗೆ ಕಾರು ಹೊರಡಬೇಕಾಗಿತ್ತು. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯ ಒಳಮಗ್ಗುಲಿನಲ್ಲಿರುವ ಆ ಮನೆಯ ಅಜ್ಜಿಗೆ ವಾರದಲ್ಲಿ ಎರಡು ದಿನ ಮಂಗಳೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಮೊದಲ ಸರದಿಗೆ ಹೆಸರು ಕೊಟ್ಟವರು ಹೊತ್ತಿಗೆ ಸರಿಯಾಗಿ ಅಲ್ಲಿರಬೇಕು. ಅಜ್ಜಿಯನ್ನು ಮುಂದಿನ ಸೀಟಿನಲ್ಲಿ ಕುಳ್ಳಿರಿಸಿ, ಬೆನ್ನಿಗೊಂದು ದಿಂಬು ಒತ್ತುಕೊಟ್ಟು, ಮಾಷ್ಟ್ರು ಕೀಲಿ ತಿರುಗಿಸಿದರು. ಟಿಕ್ ಟಿಕ್ ಎಂಬ ಸದ್ದು ನಾಲ್ಕು ಬಾರಿ ಕೇಳಿತು. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಮಿನುಗಿ ಆರಿದವು. ಕಾರು ಕೊಂಡು ಒಂದೂವರೆ ವರ್ಷವಾಗಿತ್ತಷ್ಟೆ, ಸಾಲದ ಕಂತು ಇನ್ನೂ ನಡೆಯುತ್ತಿತ್ತು. ನೆರೆಮನೆಯವರ ಜೀಪು ದೊರೆತದ್ದರಿಂದ ಅಂದಿನ ಸರದಿ ತಪ್ಪಲಿಲ್ಲ, ಮುಕ್ಕಾಲು ಗಂಟೆ ತಡವಾಯಿತು.

ಬ್ಯಾಟರಿ ಹಳೆಯದಾಗಿರಲಿಲ್ಲ. ಕಾರಿನಲ್ಲಿ ಹೊಸದಾಗಿ ಸೇರಿದ್ದು ಒಂದೇ: ಡಿಕ್ಕಿಯಲ್ಲಿ ಕುಳಿತಿದ್ದ ಹನ್ನೆರಡು ಇಂಚಿನ ಸಬ್‌ವೂಫರ್ ಪೆಟ್ಟಿಗೆ ಮತ್ತು ಅದರ ಬೆನ್ನಿಗೆ ತಿರುಪು ಹಾಕಿದ್ದ ಆಂಪ್ಲಿಫೈಯರ್. ಮಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಶುಕ್ರವಾರ ರಜೆ ಹಾಕಿ ಬಂದು, ಪೇಟೆಯ ಅಂಗಡಿಯೊಂದರಲ್ಲಿ ಅದನ್ನು ಕೂರಿಸಿ, ರಾತ್ರಿ ಹತ್ತರ ತನಕ ಅಂಗಳದಲ್ಲಿ ಹಾಡು ಕೇಳಿ, ಶನಿವಾರ ಬಸ್ಸು ಹತ್ತಿ ಹೋಗಿದ್ದ. ಕಾರು ಆಮೇಲೆ ಕದಲಿರಲಿಲ್ಲ.

ಮಗನ ಆಸೆಯನ್ನು ಬರಿಯ ಶೋಕಿ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಕಾರ್ಖಾನೆಯಿಂದಲೇ ಬರುವ ಸ್ಟೀರಿಯೋ ಕೆಳದನಿಯಲ್ಲಿ ಬಡವಾಗಿರುವುದಕ್ಕೆ ಕಾರಣಗಳಿವೆ. ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸದ್ದನ್ನು ಗ್ರಹಿಸುತ್ತದೆ. ಆದರೆ ತಗ್ಗಿದ ಆವೃತ್ತಿಗಳಿಗೆ ಅದು ಮಂದ. ಸಣ್ಣ ಸದ್ದಿನಲ್ಲಂತೂ ಇನ್ನೂ ಮಂದ. 50 ಹರ್ಟ್ಸ್‌ನ ಅಲೆಯೊಂದು ಗಾಳಿಯಲ್ಲಿ ಸುಮಾರು ಏಳು ಮೀಟರ್ ಉದ್ದವಿರುತ್ತದೆ. ಅಂಥ ಅಲೆಯನ್ನು ಎಬ್ಬಿಸಲು ಬಹಳಷ್ಟು ಗಾಳಿಯನ್ನು ತಳ್ಳಬೇಕು. ಬಾಗಿಲಿನೊಳಗಿನ ಅಂಗೈಯಗಲದ ಸ್ಪೀಕರಿಗೆ ಆ ಶಕ್ತಿಯಿಲ್ಲ. ಇದಲ್ಲದೆ ಟಯರು ರಸ್ತೆಗೆ ಉಜ್ಜುವ ಮೊರೆತವೂ ತಗ್ಗಿನ ಆವೃತ್ತಿಗಳಲ್ಲಿಯೇ ಹೆಚ್ಚು. ಹೆದ್ದಾರಿಯಲ್ಲಿ ಓಡುವ ಕಾರಿನಲ್ಲಿ ಚೆಂಡೆಯ ಸಿಡಿಲು ಕೇಳಿಸಿ ಮದ್ದಳೆ ಕಾಣೆಯಾಗುವುದು ಈ ಕಾರಣದಿಂದ.

ಸ್ಟೀರಿಯೋದ ಹಣೆಯ ಮೇಲೆ 50 ವ್ಯಾಟ್ ನಾಲ್ಕು ಎಂದು ಬರೆದಿದ್ದರೂ ಅದು ಕ್ಷಣಮಾತ್ರದ ಶಿಖರದ ಲೆಕ್ಕ. ಎಂಜಿನ್ ಓಡುವಾಗ ಕಾರಿನಲ್ಲಿ ದೊರೆಯುವ ವಿಭವಾಂತರ ಹದಿನಾಲ್ಕು ವೋಲ್ಟ್ ಆಸುಪಾಸು. ಅದರಿಂದ ನೇರವಾಗಿ ನಾಲ್ಕು ಓಮ್‌ನ ಸ್ಪೀಕರಿಗೆ ಸತತವಾಗಿ ಕೊಡಬಹುದಾದದ್ದು 26 ವ್ಯಾಟ್ ಮೀರದು. ನಷ್ಟಗಳನ್ನು ಕಳೆದರೆ ಇಪ್ಪತ್ತರ ಹತ್ತಿರ. ಸಬ್‌ವೂಫರಿಗೆ ಬೇರೆ ಆಂಪ್ಲಿಫೈಯರ್ ಬೇಕಾಗುವುದು ಇದರಿಂದಲೇ. ಅದು ತನ್ನೊಳಗೆ ಬ್ಯಾಟರಿಯ ವಿಭವಾಂತರವನ್ನು ಏರಿಸಿಕೊಂಡು, ಆ ಏರಿಸಿದ ವಿಭವಾಂತರದಿಂದ ಸ್ಪೀಕರನ್ನು ನಡೆಸುತ್ತದೆ. ಏರಿಸುವುದಕ್ಕೆ ಬೇಕಾದ ಪ್ರವಾಹವೆಲ್ಲ ಬ್ಯಾಟರಿಯಿಂದಲೇ ಬರಬೇಕು. ಕಥೆಯ ತೊಡಕೆಲ್ಲ ಆ ಪ್ರವಾಹ ಹರಿಯುವ ತಂತಿಯಲ್ಲಿದೆ.

ಮುಂದಿನ ಆದಿತ್ಯವಾರ ಊರಿನ ಹಿರಿಯ ಆಟೋ ಎಲೆಕ್ಟ್ರಿಶಿಯನ್ ಒಬ್ಬರು ಮನೆಗೇ ಬಂದರು. ಸುತ್ತಲಿನವರೆಲ್ಲ ಅವರನ್ನು ಕರೆಯುವುದು ಮೇಸ್ತ್ರಿ ಎಂದು. ಮಗನೂ ಮಂಗಳೂರಿನಿಂದ ಬಂದಿದ್ದ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯಲ್ಲಿರುವ ಮಗಳು ಭೌತಶಾಸ್ತ್ರದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿದ್ದಳು. ಮರುದಿನ ಅವಳಿಗೆ ಪರೀಕ್ಷೆಯಿತ್ತು. ಕಾರಿನ ಕೆಲಸ ನೋಡುವುದಕ್ಕಾಗಿ ಅವಳು ಬಂದು ಕುಳಿತದ್ದಲ್ಲ.

ಮೇಸ್ತ್ರಿ ಮೊದಲು ಕೀಲಿ ತೆಗೆಸಿ, ಬಾಗಿಲುಗಳನ್ನು ಮುಚ್ಚಿಸಿ, ಬ್ಯಾಟರಿಯ ಋಣ ತುದಿಯನ್ನು ಕಳಚಿ, ಆ ತುದಿಗೂ ತಂತಿಗೂ ನಡುವೆ ಮೀಟರನ್ನು ಹತ್ತು ಆಂಪಿಯರಿನ ಮನೆಯಲ್ಲಿಟ್ಟು ಸೇರಿಸಿದರು. ಕಾರು ಮಲಗಿರುವಾಗ ಗಡಿಯಾರ, ಬೀಗದ ವ್ಯವಸ್ಥೆ ಮುಂತಾದವಕ್ಕೆ ಆಂಪಿಯರಿನ ನೂರರಲ್ಲಿ ನಾಲ್ಕೈದು ಪಾಲು ಹರಿದರೆ ಸಹಜ. ಮೀಟರು 0.8 ಆಂಪಿಯರ್ ತೋರಿಸಿತು.

"ಮಾಷ್ಟ್ರೇ, ಆಂಪ್ಲಿಫೈಯರ್ ನಿದ್ರೆಯೇ ಮಾಡುವುದಿಲ್ಲ" ಎಂದರು ಮೇಸ್ತ್ರಿ.

ಆಂಪ್ಲಿಫೈಯರಿಗೆ ಮೂರು ತಂತಿಗಳು ಬೇಕು. ಒಂದು ಬ್ಯಾಟರಿಯಿಂದ ಬರುವ ದಪ್ಪ ತಂತಿ, ಇನ್ನೊಂದು ಕಾರಿನ ಮೈಗೆ ಕಟ್ಟುವ ಅರ್ಥ್, ಮೂರನೆಯದು ರಿಮೋಟ್ ಎಂದು ಕರೆಯಲ್ಪಡುವ ತೆಳು ತಂತಿ. ಸ್ಟೀರಿಯೋ ಹೊತ್ತಿಕೊಂಡಾಗ ಮಾತ್ರ ಈ ಮೂರನೆಯದರಲ್ಲಿ 12 ವೋಲ್ಟ್ ಬಂದು ಆಂಪ್ಲಿಫೈಯರನ್ನು ಎಬ್ಬಿಸಬೇಕು. ಹೊರಗೆ ಮಾರುವ ಸ್ಟೀರಿಯೋಗಳಲ್ಲಿ ಇದಕ್ಕೆಂದೇ ನೀಲಿಯ ಮೇಲೆ ಬಿಳಿ ಪಟ್ಟೆಯ ತಂತಿ ಇರುತ್ತದೆ. ಕಾರ್ಖಾನೆಯ ಸ್ಟೀರಿಯೋದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸಿನಿಂದ ಅದನ್ನು ತೆಗೆಯಬೇಕಿತ್ತು. ಅಂಗಡಿಯವನು ಅವಸರದಲ್ಲಿ ಸದಾ ಜೀವವಿರುವ ತಂತಿಗೆ ಸೇರಿಸಿದ್ದ. ಹಾಡು ನಿಂತರೂ ಆಂಪ್ಲಿಫೈಯರ್ ಎಚ್ಚರವಾಗಿಯೇ ಇತ್ತು.

"ಐವತ್ತೈದು ಗಂಟೆ, ಸೊನ್ನೆ ದಶಾಂಶ ಎಂಟು" ಎಂದಳು ಮಗಳು ಪುಸ್ತಕದಿಂದ ತಲೆಯೆತ್ತದೆ. ಶುಕ್ರವಾರ ರಾತ್ರಿ ಹತ್ತರಿಂದ ಸೋಮವಾರ ಬೆಳಗ್ಗೆ ಐದರವರೆಗೆ 55 ಗಂಟೆ. ಗುಣಿಸಿದರೆ 44. ಬ್ಯಾಟರಿಯ ಮೇಲೆ ಬರೆದದ್ದು 35 ಆಂಪಿಯರ್ ಅವರ್. ಮೇಸ್ತ್ರಿ ಅವಳತ್ತ ಒಮ್ಮೆ ನೋಡಿ, ಬೋನೆಟ್ಟಿನೊಳಗೆ ತಲೆ ಹಾಕಿದರು.

ಅಲ್ಲಿ ಕಂಡದ್ದು ಬ್ಯಾಟರಿ ಖಾಲಿಯಾಗುವುದಕ್ಕಿಂತ ದೊಡ್ಡ ವಿಷಯ. ಬ್ಯಾಟರಿಯ ಧನ ತುದಿಯಿಂದ ಹೊರಟ ತಂತಿಗೆ ಅಲ್ಲಿ ಫ್ಯೂಸೇ ಇರಲಿಲ್ಲ. ಫ್ಯೂಸು ಡಿಕ್ಕಿಯಲ್ಲಿ, ಆಂಪ್ಲಿಫೈಯರಿನ ಮೈಯಲ್ಲಿತ್ತು. ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವಿನ ತಗಡಿನ ಗೋಡೆಗೆ ಕೊರೆದ ತೂತಿನಲ್ಲಿ ರಬ್ಬರಿನ ಬಳೆಯನ್ನೂ ಹಾಕದೆ ತಂತಿಯನ್ನು ತೂರಿಸಿದ್ದರು. ತಗಡಿನ ಅಂಚು ಅದರ ಹೊದಿಕೆಯನ್ನು ಎರಡೇ ದಿನಗಳಲ್ಲಿ ಗೀರಿತ್ತು.

ಫ್ಯೂಸು ಇರುವುದು ಆಂಪ್ಲಿಫೈಯರನ್ನು ಕಾಯಲು ಎಂಬ ಭಾವನೆ ಅಂಗಡಿಗಳಲ್ಲಿಯೂ ಇದೆ. ಆಂಪ್ಲಿಫೈಯರಿನ ಮೈಯಲ್ಲಿರುವ ಫ್ಯೂಸಿನ ಕೆಲಸ ಅದು, ನಿಜ. ಬ್ಯಾಟರಿಯ ಹತ್ತಿರದ ಫ್ಯೂಸಿನ ಕೆಲಸ ಬೇರೆ. ಅದು ಕಾಯುವುದು ತಂತಿಯನ್ನು. ಬ್ಯಾಟರಿಯಿಂದ ಡಿಕ್ಕಿಯವರೆಗೆ ಐದು ಮೀಟರ್ ತಂತಿ ಅಜ್ಜಿಯ ಕಾಲಿನ ಬಳಿಯಲ್ಲಿ, ಕಾರ್ಪೆಟ್ಟಿನ ಅಡಿಯಲ್ಲಿ ಸಾಗುತ್ತದೆ. ಆ ಐದು ಮೀಟರಿನಲ್ಲಿ ಎಲ್ಲಿಯಾದರೂ ಹೊದಿಕೆ ಹರಿದು ತಾಮ್ರ ತಗಡಿಗೆ ತಾಗಿದರೆ, ಡಿಕ್ಕಿಯಲ್ಲಿರುವ ಫ್ಯೂಸಿಗೆ ಅದರ ಸುಳಿವೇ ಸಿಗದು, ಏಕೆಂದರೆ ಪ್ರವಾಹ ಅಲ್ಲಿಯ ತನಕ ಹೋಗುವುದೇ ಇಲ್ಲ. ಸಣ್ಣ ಕಾರಿನ ಬ್ಯಾಟರಿ ಕೂಡ ಎಂಜಿನ್ನನ್ನು ತಿರುಗಿಸುವುದಕ್ಕಾಗಿ ಕೆಲವು ನೂರು ಆಂಪಿಯರ್ ಕೊಡಬಲ್ಲ ಪ್ರಾಣಿ. ತಂತಿ ಕೆಂಪಗಾಗುತ್ತದೆ, ಕಾರ್ಪೆಟ್ಟು ಹೊತ್ತಿಕೊಳ್ಳುತ್ತದೆ. ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸು ಇರಬೇಕೆಂಬ ರೂಢಿ ಹುಟ್ಟಿದ್ದು ಇದಕ್ಕೆ. ಕೇರಳ ಹೈಕೋರ್ಟು ಪ್ರವಾಸಿ ಬಸ್ಸುಗಳ ಪ್ರಕರಣದಲ್ಲಿ ಭಾರಿ ಧ್ವನಿವ್ಯವಸ್ಥೆಗಳ ವೈರಿಂಗಿನಿಂದ ಪ್ರಯಾಣಿಕರಿಗೆ ಬೆಂಕಿಯ ಅಪಾಯವಿದೆಯೆಂದು ಎಚ್ಚರಿಸಿದ್ದನ್ನು, ಶಾಲಾ ಪ್ರವಾಸಕ್ಕೆ ಬಸ್ಸು ಗೊತ್ತುಮಾಡುವ ಹೆತ್ತವರು ನೆನಪಿನಲ್ಲಿಡಬಹುದು.

ಇನ್ನು ತಂತಿಯ ದಪ್ಪ. ಕೂರಿಸಿದ್ದು ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ಕೆಂಪು ತಂತಿ. ಪೆಟ್ಟಿಗೆಯ ಮೇಲಾದರೋ 4,000 ವ್ಯಾಟ್ ಎಂದು ಬೆಂಕಿಯ ಚಿತ್ರದೊಡನೆ ಅಚ್ಚಾಗಿತ್ತು. ಮಗ ಅದನ್ನೇ ನಂಬಿ ಹಣ ಕೊಟ್ಟಿದ್ದ. ಆಂಪ್ಲಿಫೈಯರಿನ ಮೈಯಲ್ಲಿದ್ದ ಫ್ಯೂಸು 30 ಆಂಪಿಯರಿನದು. ಮೇಸ್ತ್ರಿ ನಗುತ್ತಾ, "ಇದು ನಾಲ್ಕು ಸಾವಿರವಲ್ಲ, ಮುನ್ನೂರು ಬಂದರೆ ಪುಣ್ಯ" ಎಂದರು. ಅದು ಅವರ ಕೈಯ ಅನುಭವ, ಲೆಕ್ಕವಲ್ಲ.

ಲೆಕ್ಕ ಜಗಲಿಯಿಂದ ಬಂತು. ವಿದ್ಯುತ್ ಸಾಮರ್ಥ್ಯವೆಂದರೆ ವಿಭವಾಂತರ ಮತ್ತು ಪ್ರವಾಹಗಳ ಗುಣಲಬ್ಧ. 13.8 ವೋಲ್ಟನ್ನು 30 ಆಂಪಿಯರಿನಿಂದ ಗುಣಿಸಿದರೆ 414 ವ್ಯಾಟ್. ಅದಕ್ಕಿಂತ ಹೆಚ್ಚನ್ನು ಸತತವಾಗಿ ಒಳಗೆ ಬಿಟ್ಟುಕೊಂಡರೆ ಫ್ಯೂಸು ಕರಗುತ್ತದೆ. ಒಳಗೆ ಬಂದದ್ದರಲ್ಲಿ ಶೇಕಡಾ 80 ಹೊರಗೆ ಹೋಗುತ್ತದೆಂದು ಹಿಡಿದರೂ 330ರ ಆಸುಪಾಸು. ಒಳಗೆ ಬಾರದ ಶಕ್ತಿ ಹೊರಗೆ ಹೋಗಲಾರದು. ಉಳಿದ ಮೂರು ಸಾವಿರದ ಆರುನೂರೆಪ್ಪತ್ತು ವ್ಯಾಟ್ ಪೆಟ್ಟಿಗೆಯ ಬಣ್ಣದಲ್ಲಿತ್ತು. ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಆರ್‌ಎಂಎಸ್ 300 ವ್ಯಾಟ್ ಎಂದು ಕಂಪೆನಿಯವರೇ ಒಪ್ಪಿಕೊಂಡಿದ್ದರು. ಕೊಳ್ಳುವವರು ನೋಡಬೇಕಾದದ್ದು ಆ ಒಂದು ಸಾಲನ್ನು, ಇಲ್ಲವೇ ಫ್ಯೂಸಿನ ಮೇಲಿನ ಅಂಕಿಯನ್ನು.

"ಹಾಗಾದರೆ ತಂತಿಯದ್ದೂ ಹೇಳು ಮಗಳೇ" ಎಂದರು ಮೇಸ್ತ್ರಿ. 300 ವ್ಯಾಟ್ ಹೊರಡಬೇಕಾದರೆ 375 ವ್ಯಾಟ್ ಒಳಗೆ ಬರಬೇಕು, ಅಂದರೆ ಸುಮಾರು 27 ಆಂಪಿಯರ್. ತಾಮ್ರದ ರೋಧಶೀಲತೆಯನ್ನು ಉದ್ದದಿಂದ ಗುಣಿಸಿ ಅಡ್ಡಕೊಯ್ತದಿಂದ ಭಾಗಿಸಿದಾಗ, ಐದು ಮೀಟರ್ ಕೆಂಪು ತಂತಿಯ ರೋಧ 0.035 ಓಮ್ ಬಂತು. ನೋಡಲು ಏನೂ ಅಲ್ಲ. ಆದರೆ 27 ಆಂಪಿಯರಿಗೆ ಅಲ್ಲಿಯೇ ಒಂದು ವೋಲ್ಟಿನ ಹತ್ತಿರ ಕುಸಿತ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ 25 ವ್ಯಾಟ್ ಶಾಖ. ಕಾರ್ಪೆಟ್ಟಿನಡಿಯಲ್ಲಿ, ಗಾಳಿಯಾಡದ ಜಾಗದಲ್ಲಿ ಬೆಸುಗೆಯ ಕಡ್ಡಿಯೊಂದನ್ನು ಉದ್ದಕ್ಕೆ ಎಳೆದು ಮಲಗಿಸಿದ ಹಾಗೆ. 8.4 ಚದರ ಮಿಲಿಮೀಟರಿನ, ಅಂಗಡಿಯಲ್ಲಿ ಎಂಟು ಗೇಜ್ ಎಂದು ಕೇಳಿದರೆ ಕೊಡುವ ತಂತಿಯಾದರೆ ಕುಸಿತ 0.28 ವೋಲ್ಟಿಗೆ ಇಳಿಯುತ್ತದೆ.

ಇಲ್ಲಿ ಕೊಂಚ ನಿಂತು ನೋಡಬೇಕಾದ ಸಂಗತಿಯೊಂದಿದೆ. ರೋಧ, ವಿಭವಾಂತರ, ಜೂಲ್ ನಿಯಮ, ಸುರಕ್ಷಾ ಫ್ಯೂಸು ಎಂಬ ಮಾತುಗಳನ್ನು ಕನ್ನಡದಲ್ಲಿ ಓದಿದ ಮಗು ಹೊರಗಿನ ಲೋಕದಲ್ಲಿ ಏನು ಮಾಡೀತು ಎಂಬ ಪ್ರಶ್ನೆಯನ್ನು ಗಡಿನಾಡಿನ ಹೆತ್ತವರು ಪ್ರತಿ ಜೂನಿನಲ್ಲಿ ಪರಸ್ಪರ ಕೇಳಿಕೊಳ್ಳುತ್ತಾರೆ. ಮಾಷ್ಟ್ರು ಕನ್ನಡ ಅಧ್ಯಾಪಕರಾದರೂ ಅವರ ಮನೆಯಲ್ಲಿಯೂ ಆ ಪ್ರಶ್ನೆ ಎದ್ದಿತ್ತು. ಮಗನನ್ನು ಎಂಟನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸಿದ್ದೂ ಆ ಕಾರಣಕ್ಕೇ. ಅಂದು ಅಂಗಳದಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಮಗಳು ಹೇಳಿದ ರೋಧವೂ ಮೇಸ್ತ್ರಿ ಹೇಳಿದ ರೆಸಿಸ್ಟೆನ್ಸೂ ಒಂದೇ ಎಂದು ಇಬ್ಬರಿಗೂ ಅರ್ಧ ನಿಮಿಷದಲ್ಲಿ ಗೊತ್ತಾಯಿತು. ಕೆಲಸ ಮುಂದುವರಿಯಿತು.

ಹಳೆಯ ತಂತಿಯನ್ನೆಲ್ಲ ಕಿತ್ತು, ಪೇಟೆಯಿಂದ ಹೊಸದನ್ನು ತರಿಸಿದರು. ಅಲ್ಲಿಯೂ ಒಂದು ಮೋಸವಿದೆ: ಅಲ್ಯೂಮಿನಿಯಮಿಗೆ ತಾಮ್ರದ ತೆಳು ಲೇಪ ಕೊಟ್ಟ ತಂತಿಯನ್ನು ತಾಮ್ರದ್ದೆಂದೇ ಮಾರುತ್ತಾರೆ. ಅದರ ವಾಹಕತೆ ಶುದ್ಧ ತಾಮ್ರದ ಮೂರನೆಯ ಎರಡು ಪಾಲಿನಷ್ಟು. ಎಳೆಯೊಂದನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಮೇಸ್ತ್ರಿ ಕೆರೆದು ನೋಡಿಯೇ ತಂದರು.

ಬ್ಯಾಟರಿಯಿಂದ ಒಂದು ಗೇಣಿನ ದೂರದಲ್ಲಿ 40 ಆಂಪಿಯರಿನ ಫ್ಯೂಸು ಕುಳಿತಿತು. ಎಂಟು ಗೇಜಿನ ತಂತಿ ಅದನ್ನು ನಿರಾಯಾಸವಾಗಿ ತಾಳುತ್ತದೆ. ತಗಡಿನ ತೂತಿಗೆ ರಬ್ಬರಿನ ಬಳೆ ಬಂತು. ದಪ್ಪ ತಂತಿ ಕಾರಿನ ಎಡಮಗ್ಗುಲಿನಲ್ಲಿ, ಹಾಡಿನ ಸಂಕೇತ ಒಯ್ಯುವ ತಂತಿ ಬಲಮಗ್ಗುಲಿನಲ್ಲಿ ಹಿಂದಕ್ಕೆ ಹೋದವು. ಎರಡನ್ನೂ ಒಟ್ಟಿಗೆ ಕಟ್ಟಿದರೆ ಎಂಜಿನ್ನಿನ ವೇಗದೊಡನೆ ಏರಿಳಿಯುವ ಕೀರಲು ಸದ್ದು ಸ್ಪೀಕರಿನಲ್ಲಿ ಸೇರಿಕೊಳ್ಳುವ ಸಂಭವ ಹೆಚ್ಚು. ಹಳದಿ ಬಣ್ಣದ ಕೊಳವೆಯೊಳಗೆ ಹೋಗುವ ತಂತಿಗಳು ಏರ್‌ಬ್ಯಾಗಿನವು. ಅವುಗಳ ಹತ್ತಿರಕ್ಕೂ ಮೇಸ್ತ್ರಿ ಕೈ ಒಯ್ಯಲಿಲ್ಲ, ಮೀಟರನ್ನಂತೂ ಇಡಲೇ ಇಲ್ಲ.

ಅಂಗಡಿಯವನು ಅರ್ಥ್ ತಂತಿಯನ್ನು ಹಿಂದಿನ ಸೀಟ್ ಬೆಲ್ಟಿನ ಬೋಲ್ಟಿಗೆ ಸಿಕ್ಕಿಸಿದ್ದ. ಸುಲಭಕ್ಕೆ ಸಿಗುವ ಬೋಲ್ಟು ಅದು ಎಂಬುದು ನಿಜ. ಆದರೆ ಬೆಲ್ಟಿನ ಬಿಗಿತವನ್ನು ನಂಬಿ ಹಿಂದೆ ಕುಳಿತುಕೊಳ್ಳುವವಳು ಪ್ರತಿದಿನ ಅದೇ ಕಾರಿನಲ್ಲಿ ಶಾಲೆಗೆ ಹೋಗುವ ಹುಡುಗಿ. ಆ ಬೋಲ್ಟನ್ನು ಮೊದಲಿನಂತೆಯೇ ಬಿಗಿದು, ಡಿಕ್ಕಿಯ ತಗಡಿನಲ್ಲಿ ಪೆಟ್ರೋಲ್ ಟ್ಯಾಂಕು ಕೆಳಗಿಲ್ಲವೆಂದು ಬಗ್ಗಿ ನೋಡಿ ಖಚಿತಪಡಿಸಿಕೊಂಡ ಮೇಲೆ, ಬೇರೆ ಜಾಗ ಗುರುತಿಸಲಾಯಿತು. ಬಣ್ಣವನ್ನು ಎಮರಿ ಕಾಗದದಿಂದ ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆ ತಂತಿಯ ಬಳೆಯನ್ನು ಬಿಗಿದು, ಮೇಲೆ ಗ್ರೀಸು ಸವರಿದರು. ಕರಾವಳಿಯ ಉಪ್ಪುಗಾಳಿಯಲ್ಲಿ ಉಜ್ಜಿದ ತಗಡು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಅರ್ಥ್ ತಂತಿ ಅರ್ಧ ಮೀಟರಿಗಿಂತ ಉದ್ದವಾಗಬಾರದು, ದಪ್ಪದಲ್ಲಿ ಬ್ಯಾಟರಿಯ ತಂತಿಗೆ ಕಡಿಮೆಯಾಗಬಾರದು.

ಹಾಡಿನ ಸಂಕೇತವನ್ನು ಎಲ್ಲಿಂದ ತೆಗೆಯುವುದು? ಕಾರ್ಖಾನೆಯ ಸ್ಟೀರಿಯೋದ ಬೆನ್ನಿನಲ್ಲಿ ಆಂಪ್ಲಿಫೈಯರಿಗೆಂದು ತೂತುಗಳಿರುವುದಿಲ್ಲ. ಹಿಂಬಾಗಿಲಿನ ಸ್ಪೀಕರುಗಳಿಗೆ ಹೋಗುವ ತಂತಿಗಳಿಂದಲೇ ಕವಲು ತೆಗೆಯಬೇಕು. ಈ ಆಂಪ್ಲಿಫೈಯರಿನಲ್ಲಿ ಸ್ಪೀಕರ್ ಮಟ್ಟದ ಸಂಕೇತವನ್ನು ನೇರವಾಗಿ ಸ್ವೀಕರಿಸುವ ಬಾಯಿ ಇತ್ತು. ಇಲ್ಲದಿದ್ದರೆ ಮಟ್ಟ ಇಳಿಸುವ ಪರಿವರ್ತಕವೊಂದು ಬೇಕಾಗುತ್ತಿತ್ತು. ಗಮನಿಸಬೇಕಾದದ್ದು, ಕಾರಿನ ಸ್ಪೀಕರಿನ ಎರಡೂ ತಂತಿಗಳು ಜೀವಂತ. ಎರಡರಲ್ಲಿಯೂ ಆರೇಳು ವೋಲ್ಟ್ ನಿಂತಿರುತ್ತದೆ. ಕಪ್ಪು ಪಟ್ಟೆಯದ್ದು ಅರ್ಥ್ ಇರಬೇಕೆಂದು ತಿಳಿದು ಕಾರಿನ ಮೈಗೆ ಮುಟ್ಟಿಸಿದರೆ ಸ್ಟೀರಿಯೋದೊಳಗಿನ ಚಿಪ್ಪು ಸುಡಬಹುದು. ಕತ್ತರಿಸುವ ಬದಲು ಕಾರಿನ ಮೂಲ ಪ್ಲಗ್ಗಿಗೆ ಹೊಂದುವ ಜೋಡುಪ್ಲಗ್ಗನ್ನು ನಡುವೆ ಸೇರಿಸಿದರೆ ಕಾರಿನ ಒಂದು ತಂತಿಯೂ ಗಾಯಗೊಳ್ಳದು. ನಾಳೆ ತೆಗೆದರೆ ಎಲ್ಲವೂ ಮೊದಲಿನ ಹಾಗೆ. ವಾರಂಟಿಯ ದೃಷ್ಟಿಯಿಂದ ಇದು ಬಹಳ ದೊಡ್ಡ ವ್ಯತ್ಯಾಸ.

ಕೊನೆಗೆ ಪೆಟ್ಟಿಗೆ. ಹದಿನೆಂಟು ಕಿಲೋ ತೂಗುವ ಅದನ್ನು ಅಂಗಡಿಯವನು ಡಿಕ್ಕಿಯಲ್ಲಿ ಸುಮ್ಮನೆ ಇಟ್ಟಿದ್ದ. ಬ್ರೇಕು ಬಲವಾಗಿ ಬಿದ್ದರೆ ಅದು ಮುಂದಿನವರ ಬೆನ್ನಿಗೆ ಬರುವ ಬಂಡೆ. ಎರಡು ಪಟ್ಟಿಗಳಿಂದ ನೆಲಕ್ಕೆ ಬಿಗಿದರು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಕಾರುಗಳಲ್ಲಿ ಈ ಇಡೀ ಸಾಹಸವನ್ನು ಅಲ್ಲಿ ಮಾಡದಿರುವುದೇ ಲೇಸು. ಸೀಟಿನಡಿಯಲ್ಲಿ ಕೂರುವ ತೆಳು ಸಬ್‌ವೂಫರುಗಳು ಅಂಥವರಿಗಾಗಿಯೇ ಇವೆ.

ಶ್ರುತಿ ಮಾಡುವ ಕೆಲಸ ಮಧ್ಯಾಹ್ನದ ಊಟದ ನಂತರ ಆರಂಭವಾಯಿತು. ಆಂಪ್ಲಿಫೈಯರಿನ ಮೇಲೆ ನಾಲ್ಕು ಗುಬ್ಬಿಗಳು: ಗೇನ್, ಬಾಸ್ ಬೂಸ್ಟ್, ಲೋ ಪಾಸ್, ಫೇಸ್. ಅಂಗಡಿಯವನು ಮೊದಲ ಎರಡನ್ನು ತುತ್ತತುದಿಗೆ ತಿರುಗಿಸಿದ್ದ. ಕೊಳ್ಳುವವನಿಗೆ ಅಂಗಡಿಯ ಮುಂದೆ ಎದೆ ನಡುಗಿದರೆ ವ್ಯಾಪಾರ ಕುದುರಿತು ಎಂದು ಲೆಕ್ಕ.

ಗೇನ್ ಎಂಬುದು ಸದ್ದಿನ ಗುಬ್ಬಿಯಲ್ಲ. ಸ್ಟೀರಿಯೋದಿಂದ ಬರುವ ಸಂಕೇತಕ್ಕೂ ಆಂಪ್ಲಿಫೈಯರಿನ ಸಾಮರ್ಥ್ಯಕ್ಕೂ ಹೊಂದಾಣಿಕೆ ಮಾಡುವ ಗುಬ್ಬಿ. ಅದು ಮಿತಿ ಮೀರಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಗುಂಡಗಿನ ಗುಡ್ಡ ಚಪ್ಪಟೆಯಾಗಿ ಚೌಕವಾಗುತ್ತದೆ. ಒಂದೇ ಎತ್ತರದ ಚೌಕಾಕಾರದ ಅಲೆಯಲ್ಲಿ ಗುಂಡಗಿನ ಅಲೆಗಿಂತ ಎರಡರಷ್ಟು ಸಾಮರ್ಥ್ಯವಿರುವುದರಿಂದ ಸ್ಪೀಕರಿನ ಸುರುಳಿ ಅದರಲ್ಲಿ ಬೇಯುತ್ತದೆ. ಸಬ್‌ವೂಫರ್ ಸುಟ್ಟುಹೋಯಿತೆಂದು ಬರುವ ಹತ್ತರಲ್ಲಿ ಎಂಟು ಹುಡುಗರ ತಪ್ಪು ಇದೇ ಎಂದು ಮೇಸ್ತ್ರಿಯ ಅಂದಾಜು.

ಅವರು ಇದನ್ನು ಕಿವಿಯಿಂದಲೇ ಹೊಂದಿಸುತ್ತಿದ್ದರು. ಅಂದು ಮೀಟರಿನಿಂದ ಮಾಡಲಾಯಿತು. ಎಂಜಿನ್ ಓಡುತ್ತಿರಲು, ಸಬ್‌ವೂಫರಿನ ತಂತಿ ಕಳಚಿ, ಬಾಸ್ ಬೂಸ್ಟನ್ನು ಸೊನ್ನೆಗಿಳಿಸಿ, ಸ್ಟೀರಿಯೋದ ಬಾಸ್ ಟ್ರೆಬಲ್‌ಗಳನ್ನು ನಡುವಿಗೆ ತಂದು, 50 ಹರ್ಟ್ಸ್‌ನ ಶುದ್ಧ ಸ್ವರವನ್ನು ಸ್ಟೀರಿಯೋದ ಮುಕ್ಕಾಲು ಸದ್ದಿನಲ್ಲಿ ನುಡಿಸಬೇಕು. ಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು ಆಂಪ್ಲಿಫೈಯರಿನ ಹೊರತುದಿಗಳಿಗೆ ಹಿಡಿದು, ಬೇಕಾದ ಅಂಕಿ ಬರುವ ತನಕ ಗೇನನ್ನು ನಿಧಾನವಾಗಿ ಏರಿಸಬೇಕು. ಬೇಕಾದ ಅಂಕಿ ಯಾವುದು? ಸಾಮರ್ಥ್ಯವನ್ನು ರೋಧದಿಂದ ಗುಣಿಸಿ ವರ್ಗಮೂಲ ತೆಗೆದರಾಯಿತು. 300 ವ್ಯಾಟ್, 4 ಓಮ್. 1,200ರ ವರ್ಗಮೂಲ 34.6 ವೋಲ್ಟ್. ಮಗಳು ಕಾಗದದಲ್ಲಿಯೇ ತೆಗೆದಳು. ಅಣ್ಣನು ಫೋನಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ ಸುಮ್ಮನಾದ. ಮುಖದ ಮೇಲಿನ ಗುರುತಿನಲ್ಲಿ ಗೇನ್ ಅರ್ಧವನ್ನೂ ಮುಟ್ಟಿರಲಿಲ್ಲ.

"ಇಷ್ಟೇನಾ?" ಎಂದ ಅವನು.

"ಅಷ್ಟೇ ಅಣ್ಣಾ. ಮೇಲೆ ತಿರುಗಿಸಿದರೆ ಹಾಡು ಹೆಚ್ಚಾಗುವುದಿಲ್ಲ, ಬಿಸಿ ಹೆಚ್ಚಾಗುತ್ತದೆ."

ಲೋ ಪಾಸ್ ಎಂಬುದು ತಗ್ಗಿನ ದನಿಯನ್ನು ಮಾತ್ರ ಒಳಗೆ ಬಿಡುವ ಜರಡಿ. ಅದನ್ನು 80 ಹರ್ಟ್ಸ್‌ಗೆ ಇಟ್ಟರು. ಆ ಮಟ್ಟಕ್ಕಿಂತ ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆಯೆಂದು ಕಿವಿಗೆ ಸುಲಭವಾಗಿ ಗುರುತು ಹತ್ತದು. ಪೆಟ್ಟಿಗೆ ಹಿಂದಿದ್ದರೂ ಮದ್ದಳೆ ಮುಂದಿನಿಂದ ನುಡಿದಂತೆ ಕೇಳಬೇಕು. ಪರೀಕ್ಷೆಗೆ ಮಾಷ್ಟ್ರು ತಮ್ಮಲ್ಲಿದ್ದ ಹಳೆಯ ಯಕ್ಷಗಾನದ ಧ್ವನಿಮುದ್ರಣವೊಂದನ್ನು ಹಾಕಿಸಿದರು. ಮೊದಲು ಜರಡಿ 150ರಲ್ಲಿದ್ದಾಗ ಭಾಗವತರ ಕಂಠದ ಕೆಳಭಾಗ ಡಿಕ್ಕಿಯಿಂದ ಬರುತ್ತಿತ್ತು. ಪದ್ಯ ಹೇಳುವವರು ಸ್ಟೆಪ್ನಿಯ ಮೇಲೆ ಕುಳಿತಿದ್ದಾರೆ ಎಂದರು ಮಾಷ್ಟ್ರು. 80ಕ್ಕೆ ಇಳಿಸಿದೊಡನೆ ಕಂಠ ಮುಂದೆ ಬಂತು, ಮದ್ದಳೆಯ ಎಡಗೈ ಪೆಟ್ಟಿನ ಗುಂಕಾರ ಮಾತ್ರ ಹಿಂದೆ ಉಳಿದು ಮುಂದಿನದರೊಡನೆ ಬೆರೆಯಿತು.

ಫೇಸಿನ ಗುಬ್ಬಿಗೆ ಎರಡೇ ನೆಲೆ: ಸೊನ್ನೆ, ನೂರ ಎಂಬತ್ತು. ಬಾಗಿಲಿನ ಸ್ಪೀಕರ್ ಹೊರಕ್ಕೆ ತಳ್ಳುವಾಗ ಸಬ್‌ವೂಫರ್ ಒಳಕ್ಕೆ ಎಳೆದರೆ ಎರಡರ ಸದ್ದು ಪರಸ್ಪರ ಕೊಂದುಕೊಳ್ಳುತ್ತದೆ. ಚಾಲಕನ ಸೀಟಿನಲ್ಲಿ ಒಬ್ಬರು ಕಣ್ಣು ಮುಚ್ಚಿ ಕುಳಿತು, ಹಿಂದಿನಿಂದ ಇನ್ನೊಬ್ಬರು ಹೇಳದೆಯೇ ಬದಲಿಸಬೇಕು. ಯಾವುದರಲ್ಲಿ ಕೆಳದನಿ ತುಂಬಿ ಬರುತ್ತದೆಯೋ ಅದು ಸರಿ. ಇಲ್ಲಿ ನೂರ ಎಂಬತ್ತು ಗೆದ್ದಿತು.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸಕೂಡದು. ಕೇರಳದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಓದಿತು. ಸಬ್‌ವೂಫರಿನಿಂದ ನೋಂದಣಿ ಪತ್ರದ ಯಾವ ವಿವರವೂ ಬದಲಾಗುವುದಿಲ್ಲ. ಆದರೆ ಹಿಂದಿನ ಸೀಟನ್ನೇ ತೆಗೆದು ಪೆಟ್ಟಿಗೆ ಕೂರಿಸಿದರೆ ಆಸನಗಳ ಸಂಖ್ಯೆ ಬದಲಾಗುತ್ತದೆ. ಆಗ 182 ಎ ಕಲಮಿನ ನಾಲ್ಕನೆಯ ಉಪಕಲಮು ಎದುರಾಗುತ್ತದೆ: ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಸಂದೇಹವಿದ್ದವರು ಮೋಟಾರು ವಾಹನ ಇಲಾಖೆಯ ಸ್ಥಳೀಯ ಕಚೇರಿಗೆ ಬರೆದು ಕೇಳಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರದ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸುವ ಹಕ್ಕನ್ನು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಹಕ್ಕು ಬಳಸಿದಷ್ಟು ಕಾಲ ಮಾತ್ರ ಕಚೇರಿಗಳಿಗೆ ನೆನಪಿರುತ್ತದೆ.

ವಿಮೆಯನ್ನು ಹಲವರು ಮರೆಯುತ್ತಾರೆ. ಕಾರಿನ ಮೂಲ ಬೆಲೆಯಲ್ಲಿ ಸೇರದ ವಿದ್ಯುತ್ ಉಪಕರಣಗಳನ್ನು ವಿಮಾ ಕಂಪೆನಿಗೆ ತಿಳಿಸಿ, ಹೆಚ್ಚುವರಿ ಕಂತು ಕಟ್ಟಿ, ಪಾಲಿಸಿಯಲ್ಲಿ ಬರೆಸಿಕೊಳ್ಳಬೇಕು. ತಿಳಿಸದಿದ್ದರೆ ಕಳವಾದ ಆಂಪ್ಲಿಫೈಯರಿಗೆ ಪರಿಹಾರ ಸಿಗದು ಎಂಬುದು ಸಣ್ಣ ನಷ್ಟ. ಬೆಂಕಿ ಹೊತ್ತಿದ ದಿನ ಸರ್ವೇಯರರು ಮೊದಲು ಕೈ ತೋರಿಸುವುದು ಫ್ಯೂಸಿಲ್ಲದ ಆ ಕೆಂಪು ತಂತಿಯ ಕಡೆಗೆ. ವಾರಂಟಿಯೂ ಹಾಗೆಯೇ, ಹೊರಗಿನ ಉಪಕರಣದಿಂದಾದ ಹಾನಿ ತಮಗೆ ಸೇರದೆಂದು ಪುಸ್ತಿಕೆಯಲ್ಲಿ ಬರೆದೇ ಇರುತ್ತದೆ.

ಮಾಷ್ಟ್ರ ಕೈಯಲ್ಲಿ ಅಂಗಡಿಯ ಬಿಲ್ಲಿರಲಿಲ್ಲ, ಚೀಟಿಯೊಂದಿತ್ತು. ಮಗ ಫೋನಿನಿಂದ ಹಣ ಕಳಿಸಿದ ದಾಖಲೆ ಇದ್ದದ್ದು ಪುಣ್ಯ. ಸೇವೆಯ ಕೊರತೆಗೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ಮೀರದಿದ್ದರೆ ಶುಲ್ಕವೂ ಇಲ್ಲ. ಕಿತ್ತ ತಂತಿಯನ್ನು ಎಸೆಯದೆ, ಗೀರಿದ ಭಾಗದ ಫೋಟೋ ತೆಗೆದಿಟ್ಟು, ಮೊದಲು ಅಂಗಡಿಗೆ ಬರಹದಲ್ಲಿ ತಿಳಿಸಿದರು. ಕೂರಿಸುವ ಕೂಲಿಯನ್ನು ಅಂಗಡಿಯವನು ವಾದವಿಲ್ಲದೆ ಹಿಂತಿರುಗಿಸಿದ.

ಶಬ್ದದ ನಿಯಮದಲ್ಲಿ ಒಂದು ವಿಚಿತ್ರವಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ 45 ಡೆಸಿಬೆಲ್ ಮಿತಿ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರು ಮೌನವಲಯ. ಅಲ್ಲಿ 50 ಮತ್ತು 40. ಆದರೆ ಈ ಅಳತೆ ಎ ಮಾನದ ಡೆಸಿಬೆಲ್. ಸಣ್ಣ ಸದ್ದಿಗೆ ಕಿವಿ ಹೇಗೆ ಮಂದವೋ ಹಾಗೆ ಆ ಮಾಪಕವೂ ತಗ್ಗಿನ ದನಿಯನ್ನು ಕಡಿಮೆ ಮಾಡಿ ಓದುತ್ತದೆ: 50 ಹರ್ಟ್ಸ್‌ನಲ್ಲಿ 30 ಡೆಸಿಬೆಲ್ ಕಡಿಮೆ. ನೆರೆಮನೆಯ ಗೋಡೆಗೆ 75 ಡೆಸಿಬೆಲಿನ ಗುಡುಗು ಬಡಿಯುತ್ತಿದ್ದರೂ ಮಾಪಕ 45 ಎಂದೀತು, ರಾತ್ರಿಯ ಮಿತಿಯೊಳಗೇ! ಕಿಟಕಿಯ ಗಾಜು ಮಾತ್ರ ಮಾಪಕವನ್ನು ಕೇಳದೆ ನಡುಗುತ್ತದೆ. ಏಳು ಮೀಟರಿನ ಅಲೆಗೆ ಹೆಂಚಿನ ಮನೆಯ ಗೋಡೆಯೂ ದೊಡ್ಡ ತಡೆಯಲ್ಲ. ಪರೀಕ್ಷೆಯ ಕಾಲದಲ್ಲಿ ಪಕ್ಕದ ಮನೆಯ ಮಗು ಓದುತ್ತಿದೆಯೇ ಎಂಬುದನ್ನು ಮಾಪಕದಿಂದ ತಿಳಿಯಲಾಗದು, ಹೋಗಿ ಕೇಳಬೇಕು. ಮಗ ಅಂದು ಸಂಜೆ ಕೇಳಿಕೊಂಡೂ ಬಂದ. ಆ ಶುಕ್ರವಾರ ರಾತ್ರಿ ತಮ್ಮ ಮನೆಯ ತಾಮ್ರದ ಕೊಡ ಕಪಾಟಿನ ಮೇಲೆ ತಾನಾಗಿ ಸರಿಯುತ್ತಿತ್ತು ಎಂದು ಅವರು ಹೇಳಿದರಂತೆ.

ಕತ್ತಲಾಗುವಾಗ ಒಂದು ಸಣ್ಣ ಉಪದ್ರವ ಉಳಿದಿತ್ತು. ಮದ್ದಳೆಯ ಪ್ರತಿ ಪೆಟ್ಟಿಗೂ ಎಲ್ಲಿಂದಲೋ ಜರ್ ಎಂಬ ಸದ್ದು. ಸ್ಪೀಕರು ಹರಿದಿದೆಯೇ ಎಂದು ಮಗನಿಗೆ ಎದೆ ಒಡೆಯಿತು. ಮೇಸ್ತ್ರಿ ಡಿಕ್ಕಿಯ ಬಾಗಿಲಿನ ಮೇಲೆ ಅಂಗೈಯಿಟ್ಟು ಒಂದೊಂದೇ ಜಾಗ ಒತ್ತುತ್ತಾ ಹೋದರು. ಹಿಂದಿನ ನಂಬರ್ ಪ್ಲೇಟನ್ನು ಒತ್ತಿದಾಗ ಸದ್ದು ನಿಂತಿತು. ಈಗಿನ ಹೈ ಸೆಕ್ಯುರಿಟಿ ಪ್ಲೇಟಿನ ಬೀಗವನ್ನು ಕಳಚಕೂಡದು. ಕಳಚದೆಯೇ ಅದರ ಅಂಚಿನ ಎರಡು ಕಡೆ ತೆಳುವಾದ ಫೋಮಿನ ಪಟ್ಟಿ ತೂರಿಸಿದರು. ಒಳಗಿನಿಂದ ಅಜ್ಜಿ, ಆ ಪದ್ಯವನ್ನು ಮೊದಲಿನಿಂದ ಹಾಕಿರಿ ಎಂದರು.